ಬೂದಿ: ಪದ, ಮೂಲ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಕಿ ಆರಿದ ಮೇಲೆ ಒಲೆಯಲ್ಲಿ ಉಳಿಯುವುದಕ್ಕೆ ಕಾರವಾರದಿಂದ ಶಿರಸಿಯವರೆಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಆ ಹೆಸರುಗಳು ಎಲ್ಲಿಂದ ಬಂದವು, ಒಂದಕ್ಕೊಂದು ಏನು ಸಂಬಂಧ, ಆ ವಸ್ತುವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

‘ಬೂದಿ’ ಅಚ್ಚಗನ್ನಡ ಪದವೇ?

ಅಲ್ಲ, ತದ್ಭವ. ಸಂಸ್ಕೃತದ ‘ಭೂತಿ’ ಕನ್ನಡದ ಬಾಯಲ್ಲಿ ‘ಬೂದಿ’ ಆಗಿದೆ. ಎರಡು ಬದಲಾವಣೆ ನಡೆದಿವೆ. ಮಹಾಪ್ರಾಣ ‘ಭ’ ಅಲ್ಪಪ್ರಾಣ ‘ಬ’ ಆಯಿತು. ಭಂಗ ಬನ್ನವಾದದ್ದು, ಭಿಕ್ಷಾ ಬಿಕ್ಕೆಯಾದದ್ದು ಹೀಗೆಯೇ. ಎರಡು ಸ್ವರಗಳ ನಡುವಿನ ‘ತ’ ಮೆತ್ತಗಾಗಿ ‘ದ’ ಆಯಿತು. ವಸತಿ ಬಸದಿಯಾದದ್ದು, ಚತುರ ಚದುರನಾದದ್ದು ಇದೇ ದಾರಿಯಲ್ಲಿ. ಶಾಲೆಯ ವ್ಯಾಕರಣದ ತತ್ಸಮ–ತದ್ಭವ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸದಲ್ಲ. ಪಟ್ಟಿ ಹೇಳದೆ ಬಿಡುವುದು ಅರ್ಥದ ಕತೆಯನ್ನು.

‘ಭೂತಿ’ ಎಂದರೆ ಐಶ್ವರ್ಯ ಅಲ್ಲವೇ? ಅದು ಬೂದಿಗೆ ಹೇಗೆ ಹೆಸರಾಯಿತು?

ಹೌದು. ‘ಭೂ’ ಧಾತುವಿಗೆ ಇರು, ಆಗು ಎಂಬ ಅರ್ಥ. ಅದರಿಂದ ಹುಟ್ಟಿದ ‘ಭೂತಿ’ ಎಂದರೆ ಇರವು, ಏಳಿಗೆ, ಸಂಪತ್ತು, ಅಲೌಕಿಕ ಶಕ್ತಿ. ‘ವಿ’ ಸೇರಿದರೆ ‘ವಿಭೂತಿ’. ಭಗವದ್ಗೀತೆಯ ಹತ್ತನೇ ಅಧ್ಯಾಯ ವಿಭೂತಿಯೋಗ, ಅಲ್ಲಿ ಬೂದಿಯ ಮಾತೇ ಇಲ್ಲ, ಇರುವುದು ಭಗವಂತನ ಮಹಿಮೆಯ ಮಾತು. ಶಿವನ ಮೈಮೇಲಿನ ಭಸ್ಮವೇ ಅವನ ಐಶ್ವರ್ಯ ಎಂದು ಬಗೆದ ಶೈವ ಬಳಕೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಪದದೊಳಗೆ ಸೇರಿಕೊಂಡವು.

ಬೃಹಜ್ಜಾಬಾಲ ಉಪನಿಷತ್ತು ಭಸ್ಮಕ್ಕೆ ಐದು ಹೆಸರು ಹೇಳುತ್ತದೆ: ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ. ಪ್ರತಿಯೊಂದಕ್ಕೂ ಕಾರಣವನ್ನೂ ಕೊಡುತ್ತದೆ. ಐಶ್ವರ್ಯಕ್ಕೆ ಕಾರಣವಾದ್ದರಿಂದ ಭೂತಿ, ಹೊಳೆಯಿಸುವುದರಿಂದ ಭಸಿತ, ಪಾಪಗಳನ್ನೆಲ್ಲ ತಿಂದುಹಾಕುವುದರಿಂದ ಭಸ್ಮ, ಆಪತ್ತನ್ನು ಕರಗಿಸುವುದರಿಂದ ಕ್ಷಾರ, ಭೂತಪ್ರೇತಗಳಿಂದ ಕಾಯುವುದರಿಂದ ರಕ್ಷಾ. ಇವು ಭಕ್ತಿಯ ನಿರುಕ್ತಿಗಳು, ಎಲ್ಲವೂ ವ್ಯಾಕರಣಕ್ಕೆ ಒಗ್ಗುವುದಿಲ್ಲ. ‘ಭಸ್ಮ’ದ ಮಟ್ಟಿಗೆ ಮಾತ್ರ ಉಪನಿಷತ್ತು ಗುರಿಗೆ ಹತ್ತಿರವಿದೆ: ಅದರ ಧಾತು ‘ಭಸ್’, ಅಗಿ ಅಥವಾ ತಿನ್ನು ಎಂಬರ್ಥದ್ದು. ಬೆಂಕಿ ತಿಂದು ಪುಡಿಮಾಡಿ ಬಿಟ್ಟದ್ದು ಭಸ್ಮ.

ಈ ಐದು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ನೆರೆಯ ಭಾಷೆಗಳಲ್ಲಿ ಬೂದಿಗಿರುವ ಹೆಸರುಗಳಲ್ಲಿ ಕೆಲವು ಇಲ್ಲಿಂದಲೇ ಹೋದವು.

ಹಾಗಾದರೆ ಬೂದಿಗೂ ಭೂತಕ್ಕೂ ನಂಟಿದೆಯೇ?

ಧಾತು ಒಂದೇ, ಅಷ್ಟು ನಂಟು. ‘ಭೂತ’ ಎಂದರೆ ಆದದ್ದು, ಇದ್ದದ್ದು. ಭೂತಕಾಲದ ಭೂತವೂ ಅದೇ. ಸುಡುಗಾಡು, ದೆವ್ವ, ಬೂದಿ ಎಂದು ಒಂದೇ ದಾರದಲ್ಲಿ ಪೋಣಿಸುವ ವಿವರಣೆಗಳನ್ನು ನಂಬಬೇಕಿಲ್ಲ.

‘ಬೂದಿ’ ಬರುವ ಮೊದಲು ಕನ್ನಡದವರು ಏನೆನ್ನುತ್ತಿದ್ದರು?

‘ನೀಱು’. ಹಳಗನ್ನಡದಲ್ಲಿ ಈ ಪದ ಇದೆ, ಶಕಟರೇಫದ ‘ಱ’ ಇರುವ ರೂಪ. ತಮಿಳಿನಲ್ಲಿ ಇದೇ ಪದ ಇಂದಿಗೂ ಜೀವಂತ: ಹಣೆಗೆ ಹಚ್ಚುವ ವಿಭೂತಿ ಅವರಿಗೆ ‘ತಿರುನೀಱು’, ನಮ್ಮ ‘ಬೂದಿ ಮುಚ್ಚಿದ ಕೆಂಡ’ ಅವರಿಗೆ ‘ನೀಱು ಪೂತ್ತ ನೆರುಪ್ಪು’. ನೀರು ಹಾಕಿ ಅರಳಿಸಿದ ಸುಣ್ಣದ ಪುಡಿಗೂ ತಮಿಳು, ಮಲಯಾಳಗಳಲ್ಲಿ ಇದೇ ಪದ ನಡೆಯುತ್ತದೆ. ಅಘನಾಶಿನಿ ಅಳಿವೆಯ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಬಲ್ಲ ಕುಮಟಾ ಕಡೆಯವರಿಗೆ ಈ ಅರ್ಥವಿಸ್ತಾರ ವಿಚಿತ್ರ ಎನಿಸಲಾರದು. ಎರಡೂ ಸುಟ್ಟು ಉಳಿದ ಬಿಳಿ ಪುಡಿಗಳೇ.

ಕನ್ನಡದಲ್ಲಿ ‘ಱ’ ಮತ್ತು ‘ರ’ ಕ್ರಮೇಣ ಒಂದಾದವು. ಆಗ ಬೂದಿಯ ‘ನೀಱು’ ಮತ್ತು ಕುಡಿಯುವ ‘ನೀರು’ ಕಿವಿಗೆ ಒಂದೇ ಆದವು. ಬೆಂಕಿಯದ್ದಕ್ಕೂ ಅದನ್ನು ಆರಿಸುವುದಕ್ಕೂ ಒಂದೇ ಹೆಸರಾದರೆ ಅಡುಗೆಮನೆಯಲ್ಲಿ ಹೇಗೆ ನಡೆದೀತು? ‘ಬೂದಿ’ ಗೆದ್ದು ‘ನೀಱು’ ಮರೆಯಾಗಲು ಇದೂ ಒಂದು ಕಾರಣವಿರಬಹುದು.

ಕಾರವಾರದ ಕೊಂಕಣಿಗರು ಬೂದಿಗೆ ‘ಗೊಬೊರ್’ ಎನ್ನುತ್ತಾರೆ. ಅದು ಗೊಬ್ಬರವಲ್ಲವೇ?

ಇಲ್ಲಿ ಎಚ್ಚರ ಬೇಕು. ಕೊಂಕಣಿಯ ಗೊಬೊರ್ ಬೂದಿ, ಕನ್ನಡದ ಗೊಬ್ಬರ ಗಿಡಕ್ಕೆ ಹಾಕುವ ಸಾರ, ಹಿಂದಿಯ ಗೋಬರ್ ಸಗಣಿ. ಮೂರೂ ಒಂದೇ ಕೊಟ್ಟಿಗೆಯಿಂದ ಹೊರಟಂತೆ ಕೇಳುತ್ತವೆ, ಆದರೆ ಕೈಗೆ ಬರುವ ವಸ್ತು ಬೇರೆ. ಸಗಣಿ ಬೆರಣಿಯಾಗಿ, ಬೆರಣಿ ಉರಿದು ಬೂದಿಯಾಗಿ, ಬೂದಿ ಮತ್ತೆ ಗಿಡದ ಬುಡಕ್ಕೆ ಹೋಗುವ ಮನೆಗಳಲ್ಲಿ ಹೆಸರುಗಳು ಹೀಗೆ ಅದಲುಬದಲಾಗುವುದು ಸಹಜವೂ ಹೌದು. ಶಿರಸಿಯ ಕಡೆಯವರು ಕಾರವಾರದಲ್ಲಿ ‘ಗಿಡಕ್ಕೆ ಗೊಬೊರ್ ಹಾಕಿ’ ಎಂಬ ಮಾತು ಕೇಳಿದರೆ ಬುಟ್ಟಿಗಟ್ಟಲೆ ಸುರಿಯಬಾರದು. ಬೂದಿಯ ಅಳತೆ ಬೇರೆ, ಕೊಟ್ಟಿಗೆ ಗೊಬ್ಬರದ ಅಳತೆ ಬೇರೆ.

ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ದಿನ ಕನ್ನಡದಲ್ಲಿ ಬೂದಿ ಬುಧವಾರ, ಕೊಂಕಣಿಯಲ್ಲಿ ಗೊಬ್ರಾಚೊ ಬುಧ್ವಾರ್. ಅಂದು ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಹರಸಿದ ಗರಿಗಳನ್ನು ಸುಟ್ಟು ಮಾಡಿದ್ದು.

ಗಡಿಯಾಚೆಯ ಮರಾಠಿಯಲ್ಲಿ ‘ರಾಖ’. ಅದು ಮೇಲಿನ ಐದು ಹೆಸರುಗಳಲ್ಲಿ ಕೊನೆಯದಾದ ‘ರಕ್ಷಾ’ದಿಂದ ಬಂದದ್ದು. ಮಲಯಾಳದ ‘ಚಾರಂ’ ಅದೇ ಪಟ್ಟಿಯ ‘ಕ್ಷಾರ’. ಕನ್ನಡ ‘ಭೂತಿ’ಯನ್ನು ಆರಿಸಿಕೊಂಡಿತು; ತೆಲುಗಿನಲ್ಲಿ ‘ಬೂಡಿದ’ದ ಜೊತೆಗೆ ‘ಬೂದಿ’ಯೂ ಇದೆ.

ಬೂದಿ, ಭಸ್ಮ, ವಿಭೂತಿ, ಚಿತಾಭಸ್ಮ, ಅಸ್ಥಿ: ಯಾವುದನ್ನು ಎಲ್ಲಿ ಬಳಸಬೇಕು?

ಒಲೆಯದ್ದು, ಸುಟ್ಟ ಕಸದ್ದು, ಮನೆಗೆ ಬೆಂಕಿ ಬಿದ್ದಾಗಿನದ್ದು ಬೂದಿ. ಹೋಮಕುಂಡದ್ದು ಭಸ್ಮ. ಸಗಣಿ ಬೆರಣಿ ಸುಟ್ಟು, ಸೋಸಿ, ಉಂಡೆ ಕಟ್ಟಿ ಹಣೆಗೆ ಹಚ್ಚಲೆಂದೇ ಮಾಡಿದ್ದು ವಿಭೂತಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈಬತ್ತಿ. ವೀರಶೈವರ ಅಷ್ಟಾವರಣದಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟು ಆವರಣಗಳಲ್ಲಿ, ವಿಭೂತಿಯೂ ಒಂದು. ಶವ ಸುಟ್ಟ ಮೇಲೆ ವಿಸರ್ಜನೆಗೆಂದು ಗೋಕರ್ಣಕ್ಕೆ ತರುವ ಮಡಕೆಯಲ್ಲಿರುವುದು ಮುಖ್ಯವಾಗಿ ಸುಟ್ಟ ಎಲುಬಿನ ಚೂರು, ಆದ್ದರಿಂದ ಅದು ಅಸ್ಥಿ. ಪತ್ರಿಕೆಗಳು ಅದನ್ನೇ ಚಿತಾಭಸ್ಮ ಎನ್ನುತ್ತವೆ. ಯಾರದ್ದೋ ಅಸ್ಥಿಗೆ ‘ಬೂದಿ’ ಎಂದರೆ ಮಾತು ತಪ್ಪಲ್ಲ, ಮರ್ಯಾದೆ ತಪ್ಪು.

ಆಯುರ್ವೇದದ ಭಸ್ಮ ಬೇರೆಯೇ. ಲೋಹಭಸ್ಮ, ಶಂಖಭಸ್ಮಗಳು ಲೋಹ, ಖನಿಜ ಅಥವಾ ಚಿಪ್ಪನ್ನು ಶೋಧಿಸಿ ಪುಟವಿಟ್ಟು ಮಾಡಿದ ಔಷಧಗಳು. ಕಟ್ಟಿಗೆಯ ಬೂದಿಗೂ ಅವಕ್ಕೂ ಸಂಬಂಧವಿಲ್ಲ.

ಕೆಂಡ, ಇದ್ದಿಲು, ಮಸಿ, ಇಲ್ಲಣ ಇವೂ ಬೂದಿಯ ಜಾತಿಯೇ?

ಬೆಂಕಿ ಬಿಟ್ಟುಹೋಗುವುದು ಒಂದೇ ಬಗೆಯದಲ್ಲ. ಜ್ವಾಲೆ ತಗ್ಗಿ ಕೆಂಪಗೆ ಉರಿಯುತ್ತಿರುವುದು ಕೆಂಡ. ಗಾಳಿ ಸಿಗದೆ ಅರ್ಧಕ್ಕೆ ನಿಂತದ್ದು ಇದ್ದಿಲು. ಹಳಗನ್ನಡದ ‘ಇಂಗಳ’ ಎಂದರೆ ಕೆಂಡ. ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲವಾಗಿತ್ತು, ಅದೇ ಪದ ಇಂದು ವಿಜ್ಞಾನದ ಪಾಠದಲ್ಲಿ ಮೂಲವಸ್ತುವಿನ ಹೆಸರು. ಗಾಳಿ ಚೆನ್ನಾಗಿ ಸಿಕ್ಕಿ ಇಂಗಾಲವೆಲ್ಲ ಉರಿದುಹೋದ ಮೇಲೆ ಉಳಿಯುವ ಖನಿಜಾಂಶ ಬೂದಿ. ಹೊಗೆಯ ಜೊತೆ ಮೇಲೆದ್ದು ಪಾತ್ರೆಯ ತಳಕ್ಕೆ ಅಂಟುವುದು ಮಸಿ, ಅಟ್ಟದಲ್ಲಿ ಜೇಡರಬಲೆಗೆ ಹತ್ತಿ ಜೋಲುವುದು ಇಲ್ಲಣ.

ಬೂದಿಯ ಬಣ್ಣ ನೋಡಿದರೆ ಒಲೆಯ ಆರೋಗ್ಯ ತಿಳಿಯುತ್ತದೆ. ತಿಳಿ ಬೂದು ಅಥವಾ ಬಿಳಿಯಾಗಿ ಹಗುರವಿದ್ದರೆ ಪೂರ್ಣ ಉರಿದಿದೆ. ಕರಿ ಚೂರು ಹೆಚ್ಚಿದ್ದರೆ ಕಟ್ಟಿಗೆ ಹಸಿ, ಇಲ್ಲವೇ ಗಾಳಿಯ ದಾರಿ ಕಟ್ಟಿದೆ. ಹಳೆಯ ಬೂದಿಯನ್ನು ತೆಗೆಯದಿರುವುದೇ ಹೆಚ್ಚಾಗಿ ಇದಕ್ಕೆ ಕಾರಣ.

ಬೂದು ಬಣ್ಣ, ಬೂದುಗುಂಬಳ, ಬೂದಿ ರೋಗ?

ಮೂರೂ ಬೂದಿಯ ನೋಟದಿಂದ ಬಂದ ಹೆಸರುಗಳು. ಬಲಿತ ಬೂದುಗುಂಬಳದ ಮೈಮೇಲಿನ ಬಿಳಿ ಪುಡಿ ಕಾಯಿಯೇ ಹೊರಹಾಕುವ ಮೇಣ, ಕಾಯಿಯನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯುವಲ್ಲಿ ಅದರ ಪಾತ್ರವಿದೆ. ಇಡುವ ಕಾಯಿಯನ್ನು ತೊಳೆದು ಒರೆಸಬೇಡಿ. ಬೂದಿ ರೋಗ ಎಲೆಯ ಮೇಲೆ ಬೆಳೆಯುವ ಶಿಲೀಂಧ್ರ, ಒಲೆಯ ಬೂದಿ ಎರಚಿದ್ದಕ್ಕೆ ಬಂದದ್ದಲ್ಲ.

‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತಿನ ಹಿಂದೆ ನಿಜವಾದ ರೂಢಿ ಇದೆಯೇ?

ಇದೆ. ಬೆಂಕಿಪೆಟ್ಟಿಗೆ ಸುಲಭವಾಗುವ ಮೊದಲು ರಾತ್ರಿಯ ಬೆಂಕಿಯನ್ನು ಬೆಳಗಿನವರೆಗೆ ಹೀಗೆಯೇ ಉಳಿಸುತ್ತಿದ್ದರು. ಗಟ್ಟಿ ಮರದ ದಪ್ಪ ಕೆಂಡಗಳನ್ನು ಒಲೆಯ ಒಂದು ಮೂಲೆಗೆ ಒತ್ತಾಗಿ ಸೇರಿಸಿ, ಮೇಲೆ ಎರಡು ಮೂರು ಅಂಗುಲ ಒಣ ಬೂದಿ ಹೊದಿಸುವುದು. ಬೂದಿ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ತೀರಾ ಕಡಿಮೆ ಮಾಡುತ್ತದೆ, ಶಾಖವನ್ನೂ ಹೊರಬಿಡುವುದಿಲ್ಲ. ಕೆಂಡ ನಿಧಾನಕ್ಕೆ ಉರಿಯುತ್ತಾ ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ಬೂದಿ ಸರಿಸಿ, ಒಣ ತೆಂಗಿನ ನಾರು ಇಟ್ಟು ಊದುಕೊಳವೆಯಲ್ಲಿ ಊದಿದರೆ ಸಾಕು.

ಕೆಡುವುದು ಎಲ್ಲಿ? ಬೂದಿಯ ಹೊದಿಕೆ ತೆಳುವಾದರೆ ಕೆಂಡ ನಡುರಾತ್ರಿಗೇ ಉರಿದು ಮುಗಿಯುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಬೂದಿ ಕೆಂಡವನ್ನು ಕೊಲ್ಲುತ್ತದೆ. ಸೊಪ್ಪುಸದೆಯ, ಮೆತ್ತನೆ ಮರದ ಕೆಂಡ ಉಳಿಯುವುದೇ ಇಲ್ಲ.

ಇದೇ ಗುಣ ಅಪಾಯವೂ ಹೌದು. ಮೇಲೆ ತಣ್ಣಗಿರುವ ಬೂದಿಯ ಒಳಗೆ ಒಂದು ದಿನ ಕಳೆದ ಮೇಲೂ ಕೆಂಡ ಇರಬಹುದು. ಬೂದಿ ತೆಗೆಯಲು ಪ್ಲಾಸ್ಟಿಕ್ ಬಕೆಟ್, ಗೋಣಿಚೀಲ ಬೇಡ. ತಗಡಿನ ಡಬ್ಬದಲ್ಲಿ ತೆಗೆದು, ಮುಚ್ಚಳ ಹಾಕಿ, ಕಲ್ಲಿನ ಮೇಲೆ ಎರಡು ದಿನ ಇಡಿ. ಕಟ್ಟಿಗೆ ಕೊಟ್ಟಿಗೆ, ಹುಲ್ಲಿನ ಬಣವೆ, ದರಕಿನ (ಒಣ ಎಲೆಯ) ರಾಶಿಯ ಹತ್ತಿರ ಎಂದೂ ಸುರಿಯಬೇಡಿ. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿಗೆ ಎಸೆಯುವುದಂತೂ ಬೇಡವೇ ಬೇಡ.

ಬೂದಿಯೊಳಗೆ ಏನಿರುತ್ತದೆ?

100 ಕೆ.ಜಿ. ಒಣ ಕಟ್ಟಿಗೆ ಉರಿದರೆ ಸಿಗುವ ಬೂದಿ ಸುಮಾರು 1 ಕೆ.ಜಿ.; ತೊಗಟೆ ಹೆಚ್ಚಿದ್ದರೆ ಸ್ವಲ್ಪ ಜಾಸ್ತಿ. ಅಷ್ಟೇ ತೂಕದ ಭತ್ತದ ಉಮಿಯಿಂದ ಸುಮಾರು 20 ಕೆ.ಜಿ. ಬರುತ್ತದೆ, ಯಾಕೆಂದರೆ ಉಮಿಯಲ್ಲಿ ಸಿಲಿಕಾ ಬಹಳ. ಕಟ್ಟಿಗೆ ಬೂದಿಯ ದೊಡ್ಡ ಪಾಲು ಸುಣ್ಣದಂಶ. ಜೊತೆಗೆ ಪೊಟ್ಯಾಷ್, ಮೆಗ್ನೀಷಿಯಂ, ಸ್ವಲ್ಪ ರಂಜಕ. ಸಾರಜನಕ ಇಲ್ಲ, ಅದು ಹೊಗೆಯಲ್ಲೇ ಹೋಗಿರುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ವಿಶೇಷವಾಗಿ ಹೆಚ್ಚು.

‘ಪೊಟ್ಯಾಷ್’ ಎಂಬ ಹೆಸರೇ ಬೂದಿಯದ್ದು. ಯುರೋಪಿನಲ್ಲಿ ಬೂದಿನೀರನ್ನು ಮಡಕೆಯಲ್ಲಿ ಕಾಯಿಸಿ ಬತ್ತಿಸಿದ ಉಪ್ಪಿಗೆ ‘ಮಡಕೆ ಬೂದಿ’ ಎಂಬರ್ಥದ ‘ಪಾಟ್ ಆಶ್’ ಎನ್ನುತ್ತಿದ್ದರು. 1807ರಲ್ಲಿ ಹಂಫ್ರಿ ಡೇವಿ ಅದೇ ಮೂಲದಿಂದ ಲೋಹವನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಹೆಸರಿಟ್ಟರು. ಗೊಬ್ಬರದ ಚೀಲದ ಮೇಲಿನ ‘ಕೆ’ ಅಕ್ಷರ ‘ಕಾಲಿಯಂ’ ಎಂಬುದರ ಗುರುತು. ಅದರ ಬೇರು ಅರಬ್ಬಿಯ ‘ಅಲ್ ಖಲಿ’, ಅಂದರೆ ಗಿಡದ ಬೂದಿ. ‘ಆಲ್ಕಲಿ’ ಬಂದದ್ದೂ ಅಲ್ಲಿಂದಲೇ. ಕನ್ನಡದಲ್ಲಿ ನಾವು ಅದಕ್ಕೆ ‘ಕ್ಷಾರ’ ಎನ್ನುತ್ತೇವೆ. ಅರಬ್ಬಿಯಲ್ಲಿ ನಡೆದದ್ದೇ ಸಂಸ್ಕೃತದಲ್ಲೂ ನಡೆದಿದೆ: ಬೂದಿಯ ಹೆಸರು ಅದರ ಗುಣಕ್ಕೆ ಹೆಸರಾಗಿದೆ.

ಅಡಿಕೆ ತೋಟಕ್ಕೆ ಬೂದಿ ಹಾಕಿದರೆ ಪೊಟ್ಯಾಷ್ ಕೊಳ್ಳುವುದು ಬೇಡವೇ?

ಲೆಕ್ಕ ಹಾಕಿ ನೋಡಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಬೂದಿಯಲ್ಲಿ ಪೊಟ್ಯಾಷ್ ಶೇ. 5 ಎಂದಿಟ್ಟುಕೊಂಡರೆ 140 ಗ್ರಾಂಗೆ 2.8 ಕೆ.ಜಿ. ಬೂದಿ ಬೇಕು. ದಿನಕ್ಕೆ 10 ಕೆ.ಜಿ. ಕಟ್ಟಿಗೆ ಉರಿಸುವ ಮನೆಯಲ್ಲಿ ವರ್ಷಕ್ಕೆ ಸಿಗುವುದು ಸುಮಾರು 36 ಕೆ.ಜಿ. ಅದು 13 ಮರಕ್ಕೆ ಸಾಕು. ಎಕರೆಗೆ 550 ಮರ ಇರುವ ತೋಟಕ್ಕೆ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಆಲೆಮನೆಯ ಒಲೆ ಎಲ್ಲ ಸೇರಿಸಿದರೂ ಪೂರೈಸುವುದು ಕಷ್ಟ.

ಆದರೂ ಹಾಕುವುದು ಒಳ್ಳೆಯದು, ಕಾರಣ ಬೇರೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿದ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ, ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿಯಾಗುತ್ತದೆ. ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ. ತರಕಾರಿ ಮಡಿಗೆ ವರ್ಷಕ್ಕೆ ಚದರ ಮೀಟರಿಗೆ 50ರಿಂದ 70 ಗ್ರಾಂ, ಅಂದರೆ ಒಂದು ದೊಡ್ಡ ಹಿಡಿ. ತೆಂಗು, ಬಾಳೆ, ಅಡಿಕೆಗೆ ಕಾಂಡಕ್ಕೆ ತಾಗದಂತೆ ಬುಡದಿಂದ ಎರಡಡಿ ದೂರ ಸುತ್ತಲೂ ಉದುರಿಸಿ ಮಣ್ಣಿನಲ್ಲಿ ಬೆರೆಸಿ. ಕಾಲ: ಜಡಿಮಳೆ ಕಳೆದ ಮೇಲೆ. ಜೂನ್, ಜುಲೈನಲ್ಲಿ ಹಾಕಿದ ಪೊಟ್ಯಾಷ್ ಹೊಳೆಗೆ ಹೋಗುತ್ತದೆ. ಅಂಗಳದ ಗುಂಡಿಯಲ್ಲಿ ಮಳೆಗೆ ನೆನೆದ ಬೂದಿಯಲ್ಲೂ ಸುಣ್ಣ ಉಳಿದೀತು, ಪೊಟ್ಯಾಷ್ ಉಳಿಯದು. ಆದ್ದರಿಂದ ಮಾಡಿನ ಕೆಳಗೆ, ಮುಚ್ಚಿದ ಡಬ್ಬದಲ್ಲಿ ಕೂಡಿಡಬೇಕು.

ಮಾಡಬಾರದ್ದು:

ಯೂರಿಯಾ, ಅಮೋನಿಯಂ ಸಲ್ಫೇಟ್, ಹಸಿ ಸಗಣಿ, ಗಂಜಲದ ಜೊತೆ ಬೂದಿ ಬೆರೆಸಬೇಡಿ. ಮೂಗಿಗೆ ಬಡಿಯುವ ವಾಸನೆ ಬಂದರೆ ನಿಮ್ಮ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತಿದೆ ಎಂದರ್ಥ. ಎರಡರ ನಡುವೆ ಎರಡು ಮೂರು ವಾರ ಅಂತರವಿರಲಿ. ಸೂಪರ್ ಫಾಸ್ಫೇಟಿನ ಜೊತೆಗೂ ಬೇಡ, ರಂಜಕ ಸುಣ್ಣದೊಂದಿಗೆ ಕಟ್ಟಿಕೊಂಡು ಬೇರಿಗೆ ಸಿಗುವುದಿಲ್ಲ. ಮೊಳಕೆಯ ಸಾಲಿಗೆ ಹಾಕಿದರೆ ಎಳೆ ಬೇರು ಸುಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೇಕು, ಸುಣ್ಣ ತೀರಿತೆಂದು ಬೂದಿನೀರು ಸುರಿಯಬೇಡಿ. ಬೂದಿಯ ಕ್ಷಾರದ ಬಲ ಒಲೆಯಿಂದ ಒಲೆಗೆ ಬೇರೆ, ಹುಳಿ ಉಳಿದ ತುತ್ತದ ನೀರು ಸಿಂಗಾರವನ್ನೂ (ಅಡಿಕೆಯ ಹೂಗೊನೆ) ಎಳೆಗಾಯನ್ನೂ ಸುಡುತ್ತದೆ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಸುಟ್ಟ ಬೂದಿಯನ್ನು ತಿನ್ನುವ ಬೆಳೆಗೆ ಹಾಕಲೇಬಾರದು.

ಪಾತ್ರೆ ತಿಕ್ಕಲು ಯಾವ ಬೂದಿ?

ಜಿಡ್ಡಿಗೆ ಕಟ್ಟಿಗೆ ಬೂದಿ, ಕಲೆಗೆ ಉಮಿಬೂದಿ. ಕಟ್ಟಿಗೆ ಬೂದಿಯ ಕ್ಷಾರ ಎಣ್ಣೆಯೊಂದಿಗೆ ಸೇರಿ ಸೋಪಿನಂತಾಗುತ್ತದೆ. ಉಮಿಬೂದಿ ಕೆಲಸ ಮಾಡುವುದು ತನ್ನ ಗರಗರಿಯಿಂದ ಮಾತ್ರ. ಬಟ್ಟೆಯಲ್ಲಿ ಸೋಸಿ ಬಳಸಿದರೆ ಗೀರು ಬೀಳದು. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ಮತ್ತು ಬೂದಿಯನ್ನು ಒಟ್ಟಿಗೆ ಕಲಸುವುದು ವ್ಯರ್ಥ, ಹುಳಿಯೂ ಕ್ಷಾರವೂ ಒಂದನ್ನೊಂದು ಕೊಲ್ಲುತ್ತವೆ. ಮೊದಲು ಹುಣಸೆ ಹಚ್ಚಿ ಕಲೆ ಬಿಡಿಸಿ ತೊಳೆಯಿರಿ, ಆಮೇಲೆ ಒಣ ಬೂದಿಯಿಂದ ಉಜ್ಜಿ. ಅಲ್ಯೂಮಿನಿಯಂಗೆ ಬೂದಿ ಬೇಡ, ಕ್ಷಾರ ಆ ಲೋಹವನ್ನೇ ತಿಂದು ಹೊಳಪು ಕೆಡಿಸುತ್ತದೆ. ಕೈ ಒಡೆದಿದ್ದರೆ ಬೂದಿನೀರು ಉರಿಯುತ್ತದೆ.

ಅಲಸಂದೆ, ಹೆಸರು ಬೀಜ ಬೂದಿಯಲ್ಲಿ ಇಟ್ಟರೆ ಹುಳ ಹಿಡಿಯುವುದಿಲ್ಲವೇ?

ಹಿಡಿಯುವುದು ಬಹಳ ಕಡಿಮೆ, ಆದರೆ ಚಿಟಿಕೆ ಬೂದಿ ಸಾಲದು. ಕಾಳುಗಳ ನಡುವಿನ ಸಂದಿಯೆಲ್ಲ ತುಂಬಬೇಕು: ನಾಲ್ಕು ಸೇರು ಕಾಳಿಗೆ ಸುಮಾರು ಮೂರು ಸೇರು ಸೋಸಿದ, ಪೂರ್ತಿ ಆರಿದ ಬೂದಿ. ಸಂದಿ ಮುಚ್ಚಿದಾಗ ಹೊರಬಂದ ದುಂಬಿ ಓಡಾಡಲಾರದು, ಜೋಡಿ ಸಿಗದು, ಮೈಯ ತೇವವೂ ಆರುತ್ತದೆ. ಮೇಲೆ ಒಂದು ಅಂಗುಲ ಬರೀ ಬೂದಿಯ ಪದರ ಇರಲಿ. ಕಾಳು ಬಿಸಿಲಲ್ಲಿ ಗಟ್ಟಿಯಾಗಿ ಒಣಗಿರಬೇಕು. ಹೊಲದಲ್ಲೇ ಮೊಟ್ಟೆ ಹೊತ್ತು ಬಂದ ಕಾಳಿನೊಳಗಿನ ಮರಿಯನ್ನು ಬೂದಿ ಸಾಯಿಸುವುದಿಲ್ಲ, ಮುಂದಿನ ತಲೆಮಾರನ್ನು ತಡೆಯುತ್ತದೆ ಅಷ್ಟೇ.

ಕುಮ್ರಿ ಬೇಸಾಯ ಬೂದಿಯ ಬೇಸಾಯವೇ?

ಹೌದು. ಕಾಡಿನ ತುಂಡೊಂದನ್ನು ಕಡಿದು ಒಣಗಿಸಿ ಸುಟ್ಟು, ಮೊದಲ ಮಳೆಗೆ ಆ ಬೂದಿಯಲ್ಲೇ ರಾಗಿ ಮುಂತಾದವನ್ನು ಬಿತ್ತುವ ಪದ್ಧತಿ ಉತ್ತರ ಕನ್ನಡ ಜಿಲ್ಲೆಯ ಘಟ್ಟದಲ್ಲಿತ್ತು. ಬೂದಿಯ ಸಾರ ಒಂದೆರಡು ಬೆಳೆಗೆ ಮುಗಿಯುತ್ತಿತ್ತು, ಆದ್ದರಿಂದ ಜಾಗ ಬದಲಿಸಬೇಕಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಕಾಡಿನ ಮರಕ್ಕಾಗಿ ಇದನ್ನು ನಿರ್ಬಂಧಿಸುತ್ತಾ ಬಂತು.

ಹಾರುಬೂದಿ, ಜ್ವಾಲಾಮುಖಿಯ ಬೂದಿ?

ಹಾರುಬೂದಿ ಕಲ್ಲಿದ್ದಲಿನದು, ರಾಯಚೂರಿನಂಥ ಉಷ್ಣ ಸ್ಥಾವರಗಳದ್ದು. ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ಕೈಗಾ ಅಣುಸ್ಥಾವರದಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಬೂದಿಯೂ ಇಲ್ಲ. ಜ್ವಾಲಾಮುಖಿಯದ್ದು ಹೆಸರಿಗಷ್ಟೇ ಬೂದಿ, ಅದು ಪುಡಿಯಾದ ಬಂಡೆ ಮತ್ತು ಗಾಜಿನ ಚೂರು.

ಭೂದಿ, ಬೂಧಿ ಎಂದೂ ಬರೆದಿರುತ್ತಾರೆ. ಯಾವುದು ಸರಿ?

ಬೂದಿ. ಎರಡೂ ಅಲ್ಪಪ್ರಾಣ, ‘ಬೂ’ ದೀರ್ಘ. ‘ವಿಭೂತಿ’ಯಲ್ಲಿ ಮಾತ್ರ ಭಕಾರ ಉಳಿಯುತ್ತದೆ, ಯಾಕೆಂದರೆ ಅದು ತತ್ಸಮ. ಬಣ್ಣ ಹೇಳುವಾಗ ‘ಬೂದು’, ವಸ್ತು ಹೇಳುವಾಗ ‘ಬೂದಿ’. ಕುಂಬಳಕ್ಕೆ ‘ಬೂದುಗುಂಬಳ’, ‘ಬೂದಿಗುಂಬಳ’ ಎರಡೂ ಬಳಕೆಯಲ್ಲಿವೆ.